ಹಳೇ ಜೀಪಿನ ಕ್ಲಚ್ ಸ್ಲಿಪ್ ಆಗ್ತಿದೆಯಾ? ಗೇರ್‌ಬಾಕ್ಸ್ ಇಳಿಸುವ ಮೊದಲು ಇಷ್ಟು ನೋಡಿ

ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾಯಿತು ಅಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಜೀಪಿಗೆ ಮೂಟೆ ಹಾಕಿ ಏರು ಹತ್ತಿಸಿದರೆ ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಗ್ಯಾರೇಜಿನವರು ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತಿದ್ದಾರೆ. ನಿಜಾನಾ?’

ನಿಜ ಇರಬಹುದು. ಆದರೆ ಎಷ್ಟೋ ಸಲ ಒಂದು ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಗೇರ್‌ಬಾಕ್ಸ್ ಕೆಳಗಿಳಿದಿರುತ್ತದೆ. ಇನ್ನೆಷ್ಟೋ ಸಲ ಹೊಸ ಪ್ಲೇಟ್ ಹಾಕಿ ಮೂರೇ ತಿಂಗಳಿಗೆ ಅದೇ ಕಥೆ ಮತ್ತೆ ಶುರು. ಎರಡಕ್ಕೂ ಕಾರಣ ಒಂದೇ. ಕ್ಲಚ್ ಸ್ಲಿಪ್ ಆಗುತ್ತಿದೆ ಅಂತ ಕಂಡುಹಿಡಿದವರು ಯಾಕೆ ಆಗುತ್ತಿದೆ ಅಂತ ಹುಡುಕಿರುವುದಿಲ್ಲ.

ಎಂಎಂ 540, ಮೇಜರ್, ಕಮಾಂಡರ್‌ನಂಥ ಮಹೀಂದ್ರ ಜೀಪು, ಹಳೇ ಫೋರ್ ವೀಲ್ ಬೊಲೆರೊ, ಮಾರುತಿ ಜಿಪ್ಸಿ ಇಟ್ಟುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇವುಗಳಲ್ಲಿ ಫೋರ್ ವೀಲ್ ಇರುವ ಗಾಡಿಗಳೆಲ್ಲ ಬೇಕಾದಾಗ ಮಾತ್ರ ಮುಂದಿನ ಚಕ್ರಕ್ಕೂ ಶಕ್ತಿ ಕೊಡುತ್ತವೆ. ಕ್ಲಚ್ ಪರೀಕ್ಷೆ ಮಾಡುವಾಗ ಈ ವಿಷಯ ಎರಡು ಮೂರು ಕಡೆ ಮುಖ್ಯವಾಗುತ್ತದೆ. ಮುಂದೆ ಹೇಳುತ್ತೇನೆ.

ಒಳಗೆ ನಡೆಯುವುದೇನು

ಎಂಜಿನ್ನಿನ ಹಿಂಬದಿಯಲ್ಲಿ ಒಂದು ಭಾರದ ಕಬ್ಬಿಣದ ಚಕ್ರ ಇರುತ್ತದೆ. ಅದೇ ಫ್ಲೈವೀಲ್. ಅದಕ್ಕೆ ಅಂಟಿಕೊಂಡಂತೆ, ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಕ್ಲಚ್ ಪ್ಲೇಟ್ ಇರುತ್ತದೆ. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುವುದು ಇದರ ಮೂಲಕವೇ. ಪ್ಲೇಟಿನ ಎರಡೂ ಮುಖಕ್ಕೆ ಬ್ರೇಕ್ ಲೈನರ್ ತರಹದ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆ ಪಟ್ಟಿಗೆ ಫೇಸಿಂಗ್ ಅನ್ನುತ್ತಾರೆ. ಇದರ ಹಿಂದೆ ಪ್ರೆಷರ್ ಪ್ಲೇಟ್. ಅದು ತನ್ನ ಸ್ಪ್ರಿಂಗ್ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುತ್ತದೆ. ನೀವು ಪೆಡಲ್ ತುಳಿದಾಗ ಫೋರ್ಕ್ ಅನ್ನುವ ಸಲಾಕೆ ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗು ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಸಡಿಲವಾಗುತ್ತದೆ. ಇವೆಲ್ಲ ಕೂತಿರುವ ಗಂಟೆ ಆಕಾರದ ಕವಚಕ್ಕೆ ಬೆಲ್ ಹೌಸಿಂಗ್ ಅಂತ ಹೆಸರು.

ಹಾಗಾಗಿ ಹಿಡಿತ ತಪ್ಪುವುದಕ್ಕೆ, ಅಂದರೆ ಸ್ಲಿಪ್ ಆಗುವುದಕ್ಕೆ ಮುಖ್ಯವಾಗಿ ಮೂರು ದಾರಿ. ಫೇಸಿಂಗ್ ಸವೆದು ಇಲ್ಲವೇ ಸ್ಪ್ರಿಂಗ್ ಸೋತು ಅದುಮುವ ಬಲ ಸಾಲದೆ ಹೋಗಬೇಕು. ಫೇಸಿಂಗಿಗೆ ಆಯಿಲ್ಲೋ ನೀರೋ ತಾಗಿರಬೇಕು. ಅಥವಾ ಪೆಡಲ್ ಮೇಲೆ ಕಾಲಿಲ್ಲದಿದ್ದರೂ ಬೇರಿಂಗು ಒಳಗೆ ಸ್ವಲ್ಪ ಒತ್ತಿಕೊಂಡೇ ಇರಬೇಕು. ಈ ಮೂರನೆಯದನ್ನು ಸರಿಮಾಡಲು ಗೇರ್‌ಬಾಕ್ಸ್ ಇಳಿಸುವ ಅಗತ್ಯವೇ ಇಲ್ಲ. ಅದಕ್ಕೇ ಮೊದಲು ಅಲ್ಲಿಂದ ಶುರು ಮಾಡೋಣ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸ್ಕೇಲು, ಟಾರ್ಚು, ಒಂದಿಷ್ಟು ಬಿಳಿ ಬಟ್ಟೆ, ಚಕ್ರಕ್ಕೆ ಕೊಡಲು ನಾಲ್ಕು ಒಳ್ಳೆಯ ಕಲ್ಲು, ಎರಡು ಸ್ಪ್ಯಾನರ್. ರಸ್ತೆ ಪರೀಕ್ಷೆಗೆ ಪಕ್ಕದಲ್ಲಿ ಕೂರಲು ಒಬ್ಬರು ಬೇಕು.

ಹಂತ 1: ಪೆಡಲಿನ ಪ್ಲೇ ಅಳೆಯಿರಿ

ಎಂಜಿನ್ ಆಫ್ ಮಾಡಿ. ಸ್ಕೇಲಿನ ಒಂದು ತುದಿಯನ್ನು ನೆಲಕ್ಕೆ ಊರಿ ಕ್ಲಚ್ ಪೆಡಲಿನ ಪಕ್ಕ ನಿಲ್ಲಿಸಿ. ಈಗ ಪೆಡಲನ್ನು ಕಾಲಿನಿಂದಲ್ಲ, ಕೈಬೆರಳಿನಿಂದ ಒತ್ತಿ. ಮೊದಲು ಸಲೀಸಾಗಿ ಕೆಳಗೆ ಹೋಗುತ್ತದೆ, ಆಮೇಲೆ ಒಂದು ಕಡೆ ಗಟ್ಟಿಯಾಗುತ್ತದೆ. ಆ ಸಲೀಸಾದ ಓಟಕ್ಕೆ ಫ್ರೀ ಪ್ಲೇ ಅನ್ನುತ್ತಾರೆ. ಕೇಬಲ್ ಇಲ್ಲವೇ ರಾಡ್ ಇರುವ ಹಳೇ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಇರಬೇಕು. ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಗಾಡಿಯ ಜೊತೆ ಬಂದ ಪುಸ್ತಕ ಉಳಿದಿದ್ದರೆ ಅದರಲ್ಲಿರುವ ಅಳತೆಯೇ ಅಂತಿಮ.

ಇಲ್ಲೊಂದು ತಲೆಕೆಳಗಾದ ಸಂಗತಿ ಇದೆ. ಹೆಚ್ಚಿನವರು ಎಡವುವುದೇ ಇಲ್ಲಿ. ಬ್ರೇಕ್ ಸವೆದಂತೆ ಪೆಡಲ್ ಕೆಳಗೆ ಹೋಗುತ್ತದೆ, ಅಲ್ವಾ? ಕ್ಲಚ್ ಹಾಗಲ್ಲ. ಪ್ಲೇಟ್ ಸವೆದು ತೆಳ್ಳಗಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಸರಿಯುತ್ತದೆ. ಆಗ ಅದರ ಬೆರಳುಗಳು ಹಿಂದಕ್ಕೆ, ಬೇರಿಂಗಿನ ಕಡೆಗೆ ಬರುತ್ತವೆ. ಮಧ್ಯದ ಜಾಗ ಕಡಿಮೆಯಾಗುತ್ತಾ ಬಂದು ಒಂದು ದಿನ ಇಲ್ಲದಂತಾಗುತ್ತದೆ. ಅಂದರೆ ಸವೆದಂತೆಲ್ಲ ಪ್ಲೇ ಕಡಿಮೆಯಾಗುತ್ತದೆ, ಕ್ಲಚ್ ಹಿಡಿಯುವ ಜಾಗ ಮೇಲೆ ಮೇಲೆ ಬರುತ್ತದೆ. ‘ಪೆಡಲ್ ಮುಟ್ಟಿದರೆ ಸಾಕು, ಕ್ಲಚ್ ಬಿಡುತ್ತೆ, ತುಂಬಾ ಸ್ಮೂತ್ ಇದೆ’ ಅಂತ ಯಾರಾದರೂ ಹಳೇ ಜೀಪು ಮಾರಲು ಬಂದರೆ ಅನುಮಾನ ಪಡಿ.

ಪ್ಲೇ ಸೊನ್ನೆ ಇದ್ದರೆ ನೀವು ಅರ್ಧ ಕಾಲು ಇಟ್ಟುಕೊಂಡೇ ಗಾಡಿ ಓಡಿಸುತ್ತಿದ್ದೀರಿ ಅಂತ ಲೆಕ್ಕ. ಮೊದಲು ಅದನ್ನು ಸರಿಮಾಡಿ, ಆಮೇಲೆ ಉಳಿದ ಮಾತು. ಗಾಡಿಯ ಕೆಳಗೆ ಬೆಲ್ ಹೌಸಿಂಗ್ ಪಕ್ಕದಿಂದ ಹೊರಬಂದಿರುವ ಫೋರ್ಕಿನ ತುದಿ ನೋಡಿ. ಕೇಬಲ್ ಅಥವಾ ರಾಡ್ ಅಲ್ಲಿಗೆ ಬಂದು ಸೇರುತ್ತದೆ. ತುದಿಯಲ್ಲಿ ಅಡ್ಜಸ್ಟ್ ಮಾಡುವ ನಟ್ಟು, ಅದನ್ನು ಅಲುಗದಂತೆ ಹಿಡಿಯುವ ಲಾಕ್ ನಟ್ಟು ಇರುತ್ತವೆ. ಲಾಕ್ ನಟ್ಟು ಸಡಿಲಿಸಿ, ಅಡ್ಜಸ್ಟ್ ನಟ್ಟನ್ನು ಒಂದೊಂದೇ ಸುತ್ತು ತಿರುಗಿಸಿ. ಪ್ರತಿ ಸಲ ಪೆಡಲ್ ಅಳೆದು ನೋಡಿ. ಅಳತೆ ಸಿಕ್ಕಮೇಲೆ ಲಾಕ್ ನಟ್ಟು ಬಿಗಿ ಮಾಡಿ. ನಟ್ಟು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಲ ಹಾಕಿ ಕೇಬಲ್ಲಿನ ಥ್ರೆಡ್ ಹಾಳುಮಾಡಿಕೊಂಡರೆ ಕೇಬಲ್ಲೇ ಹೊಸದು ಬೇಕಾಗುತ್ತದೆ.

ಕೇಬಲ್ ಒಳಗೆ ಮಣ್ಣು, ತುಕ್ಕು ಸೇರಿ ಬಿಗಿಯಾಗಿದ್ದರೂ ಇದೇ ತೊಂದರೆ. ಪೆಡಲ್ ತುಳಿದು ಬಿಟ್ಟಾಗ ಟಪ್ಪನೆ ಮೇಲೆ ಬರಬೇಕು. ಸೋಮಾರಿಯಂತೆ ನಿಧಾನಕ್ಕೆ ಬಂದರೆ ಕೇಬಲ್ ಇಲ್ಲವೇ ಪೆಡಲಿನ ವಾಪಸ್ ಸ್ಪ್ರಿಂಗ್ ನೋಡಿ. ಜೀಪುಗಳ ನೆಲದ ಮ್ಯಾಟ್ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುವುದೂ ಉಂಟು. ನಗಬೇಡಿ, ನಾನೇ ನೋಡಿದ್ದೇನೆ.

ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇದ್ದರೆ ಲೆಕ್ಕ ಬೇರೆ. ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಬೆಲ್ ಹೌಸಿಂಗ್ ಹತ್ತಿರ ಸ್ಲೇವ್ ಸಿಲಿಂಡರ್, ಮಧ್ಯೆ ಪೈಪು. ಇಲ್ಲಿ ಪೆಡಲಿನ ಪ್ಲೇ ಕೆಲವೇ ಮಿ.ಮೀ. ಇರುತ್ತದೆ. ಆದರೆ ಪೂರ್ತಿ ಇಲ್ಲದಂತೆ ಆಗಬಾರದು. ಹಾಗಾದರೆ ಆಯಿಲ್ ಮಾಸ್ಟರ್ ಸಿಲಿಂಡರಿಗೆ ವಾಪಸ್ ಹೋಗಲು ದಾರಿ ಸಿಗದೆ ಪೈಪಿನಲ್ಲೇ ಒತ್ತಡ ನಿಲ್ಲುತ್ತದೆ. ರಬ್ಬರ್ ಹೋಸ್ ಒಳಗಡೆ ಊದಿಕೊಂಡಿದ್ದರೂ ಹಾಗೆಯೇ. ಪರೀಕ್ಷೆ ಸುಲಭ. ಗಾಡಿ ಓಡಿಸಿ, ಸ್ಲಿಪ್ ಆಗುತ್ತಿರುವಾಗಲೇ ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಪೆಡಲ್ ಮೇಲೆ ಕಾಲಿಡದೆ ಸ್ಲೇವ್ ಸಿಲಿಂಡರಿನ ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಬಂದು ಫೋರ್ಕ್ ಹಿಂದಕ್ಕೆ ಸರಿದರೆ ಕಳ್ಳ ಸಿಕ್ಕಿದ ಹಾಗೆ. ಸುಮ್ನೆ ಜಿನುಗಿದರೆ ಇಲ್ಲಿ ತೊಂದರೆ ಇಲ್ಲ. ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಪೇಂಟಿಗೆ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಿರಿ. ಆಮೇಲೆ ಏರ್ ತೆಗೆಯುವುದನ್ನು ಮರೆಯಬೇಡಿ. ಯಾರಾದರೂ ಹಿಂದೆ ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ತುಂಬಿದ್ದರೆ ರಬ್ಬರೆಲ್ಲ ಊದಿಕೊಂಡು ಹೀಗಾಗುತ್ತದೆ. ಆಗ ರಬ್ಬರ್ ಸಾಮಾನು ಪೂರ್ತಿ ಬದಲಿಸಬೇಕು.

ಹಂತ 2: ಕೆಳಗೆ ಮಲಗಿ ನೋಡಿ

ಎಷ್ಟೋ ಗಾಡಿಗಳ ಬೆಲ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತೋ ಸಂದೋ ಇರುತ್ತದೆ. ಒಳಗೆ ಆಯಿಲ್ ಸೋರಿದರೆ ಹೊರಗೆ ಕಾಣಲಿ ಅಂತ. ರಾತ್ರಿ ಅದರ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಟ್ಟು ಬೆಳಗ್ಗೆ ನೋಡಿ.

ಕಾಡಿಗೆಯಂತೆ ಕಪ್ಪಗಿದ್ದರೆ ಅದು ಡೀಸೆಲ್ ಎಂಜಿನ್ನಿನ ಆಯಿಲ್. ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂದೆ ಆಯಿಲ್ ತಡೆಯುವ ಸೀಲ್ ಹೋಗಿರುತ್ತದೆ. ಕಂದು ಬಣ್ಣ, ದಪ್ಪ, ಮೂಗಿಗೆ ಹಿಡಿದರೆ ಗಂಧಕದಂಥ ಘಾಟು ಇದ್ದರೆ ಗೇರ್ ಆಯಿಲ್. ಗೇರ್‌ಬಾಕ್ಸಿನ ಮುಂದಿನ ಸೀಲ್ ಕಡೆಯಿಂದ ಬರುತ್ತಿದೆ. ನೀರಿನಂತೆ ತೆಳ್ಳಗಿದ್ದು, ಬಟ್ಟೆಯನ್ನು ನೀರಿಗೆ ಅದ್ದಿದಾಗ ಸಲೀಸಾಗಿ ಕರಗಿ ಹೋದರೆ ಬ್ರೇಕ್ ಆಯಿಲ್, ಅಂದರೆ ಸ್ಲೇವ್ ಸಿಲಿಂಡರ್ ಸೋರುತ್ತಿದೆ. ಆದರೆ ಅವಸರದಲ್ಲಿ ತೀರ್ಮಾನಕ್ಕೆ ಬರಬೇಡಿ. ಹಳೇ ಎಂಜಿನ್ನುಗಳಲ್ಲಿ ಮೇಲಿನ ಕವರಿನ ಪ್ಯಾಕಿಂಗ್ ಸೋರಿ, ಆಯಿಲ್ ಹಿಂಬದಿಗುಂಟ ಇಳಿದು ಬೆಲ್ ಹೌಸಿಂಗ್ ಹೊರಗಿನಿಂದಲೇ ತೊಟ್ಟಿಕ್ಕುತ್ತಿರುತ್ತದೆ. ಮೊದಲು ಎಲ್ಲಾ ಒರೆಸಿ, ಎರಡು ದಿನ ಓಡಿಸಿ, ಮತ್ತೆ ನೋಡಿ. ಆಯಿಲ್ ಮೇಲಿನಿಂದ ಇಳಿದಿದೆಯೋ ತೂತಿನಿಂದಲೇ ಬರುತ್ತಿದೆಯೋ ಆಗ ಗೊತ್ತಾಗುತ್ತದೆ.

ಇದೇ ಹಂತವನ್ನು ನಾನು ಒಮ್ಮೆ ಹಾರಿಸಿ ಪೆಟ್ಟು ತಿಂದಿದ್ದೇನೆ. ನನ್ನ ಜೀಪಿಗೆ ಹೊಸ ಪ್ಲೇಟ್ ಹಾಕಿಸಿದೆ, ಐವತ್ತು ಅರವತ್ತು ರೂಪಾಯಿ ಉಳಿಸಿದಂತೆ ಹಳೇ ಸೀಲನ್ನು ಹಾಗೇ ಬಿಟ್ಟೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಪ್ಲೇಟು ಆಯಿಲಿನಲ್ಲಿ ನೆಂದಿತ್ತು. ಮತ್ತೆ ಪೂರ್ತಿ ಮಜೂರಿ ಕೊಟ್ಟೆ.

ಹಂತ 3: ನಿಂತಲ್ಲೇ ಪರೀಕ್ಷೆ

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಸಮತಟ್ಟಾದ ಜಾಗ ಬೇಕು. ಗಾಡಿಯ ಮುಂದೆ, ಹಿಂದೆ ಯಾರೂ ಇರಬಾರದು. ಮಕ್ಕಳನ್ನು ಅಂಗಳದಿಂದ ಒಳಗೆ ಕಳಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಗಳಿಗೆ ಕಲ್ಲು ಕೊಡಿ. ಹಳೇ ಜೀಪುಗಳ ಬಗ್ಗೆ ಒಂದು ಎಚ್ಚರಿಕೆ: ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿಗೆ ಇರುತ್ತದೆ. ಅಂಥ ಗಾಡಿಯ ಒಂದು ಹಿಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಗಾಡಿ ಉರುಳಬಹುದು. ಹಾಗಾಗಿ ಈ ಕೆಲಸಗಳಲ್ಲೆಲ್ಲ ಹ್ಯಾಂಡ್‌ಬ್ರೇಕನ್ನು ನಂಬಬೇಡಿ, ಕಲ್ಲನ್ನು ನಂಬಿ.

ಟ್ರಾನ್ಸ್‌ಫರ್ ಕೇಸ್ ಅಂದರೆ ಗೇರ್‌ಬಾಕ್ಸಿನ ಹಿಂದೆ ಕೂತು ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ. ಅದರ ಲಿವರ್ ಟೂ ವೀಲ್‌ನಲ್ಲಿ (ಬರೀ ಹಿಂದಿನ ಚಕ್ರ), ಹೈ ರೇಂಜಿನಲ್ಲಿ (ಮಾಮೂಲಿ ಓಟದ ಗೇರು; ಲೋ ರೇಂಜ್ ಅಂದರೆ ನಿಧಾನದ, ಹೆಚ್ಚು ಬಲದ ಗೇರು) ಇರಲಿ. ಟಾಪ್ ಗೇರ್ ಅಥವಾ ಮೂರನೇ ಗೇರ್ ಹಾಕಿ. ಬಲಗಾಲಿನ ಹಿಮ್ಮಡಿ ಬ್ರೇಕಿನ ಮೇಲೆ, ಪಾದದ ಪಕ್ಕ ಆಕ್ಸಿಲರೇಟರ್ ಮೇಲೆ. ಅದು ಒಗ್ಗದಿದ್ದರೆ, ಕೈಯಿಂದ ರೇಸ್ ಕೊಡುವ ಹ್ಯಾಂಡ್ ಥ್ರಾಟಲ್ ಇದ್ದರೆ ಅದನ್ನು ಎಳೆದುಕೊಳ್ಳಿ. ಸ್ವಲ್ಪವೇ ರೇಸ್ ಕೊಟ್ಟು ಕ್ಲಚ್ಚನ್ನು ಒಂದೇ ಹದದಲ್ಲಿ ಪೂರ್ತಿ ಬಿಡಿ. ಎಂಜಿನ್ ಒಂದೆರಡು ಸೆಕೆಂಡಿನಲ್ಲಿ ಕೆಮ್ಮಿ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಜೋರಾಗಿ ಸ್ಲಿಪ್ ಆಗುತ್ತಿದೆ. ತಕ್ಷಣ ಪೆಡಲ್ ತುಳಿಯಿರಿ.

ಇದನ್ನು ಒಂದು ಸಲ, ಹೆಚ್ಚೆಂದರೆ ಎರಡು ಸಲ ಮಾಡಿ. ಸ್ನೇಹಿತರಿಗೆಲ್ಲ ತೋರಿಸಲು ಐದಾರು ಸಲ ಮಾಡಿದರೆ ಚೆನ್ನಾಗಿದ್ದ ಪ್ಲೇಟೂ ಸುಡುತ್ತದೆ. ಇನ್ನೊಂದು ಮಾತು. ಎಂಜಿನ್ ಆಫ್ ಆಯಿತು ಅಂದಮಾತ್ರಕ್ಕೆ ಕ್ಲಚ್ ಸರಿಯಿದೆ ಅಂತಲ್ಲ. ಶುರುವಿನ ಸ್ಲಿಪ್ ಇಲ್ಲಿ ಸಿಗುವುದಿಲ್ಲ. ಅದಕ್ಕೆ ರಸ್ತೆಗೇ ಹೋಗಬೇಕು.

ಹಂತ 4: ರಸ್ತೆ ಪರೀಕ್ಷೆ

ಇಲ್ಲಿ ಫೋರ್ ವೀಲ್ ಗಾಡಿಯ ಮಾಲೀಕರು ಮಾಡುವ ತಪ್ಪು ಒಂದಿದೆ. ಕಡಿದಾದ ಏರಿನಲ್ಲಿ ಲೋ ರೇಂಜ್ ಹಾಕಿ ಹತ್ತಿಸುತ್ತಾರೆ. ಗಾಡಿ ಹತ್ತುತ್ತದೆ. ‘ಕ್ಲಚ್ ಸರಿಯಾಗೇ ಇದೆಯಲ್ಲ!’ ಅನ್ನುತ್ತಾರೆ. ಆದರೆ ಲೋ ರೇಂಜಿನ ಗೇರುಗಳು ಇರುವುದು ಕ್ಲಚ್ಚಿನ ಹಿಂದೆ. ಹಳೇ ಜೀಪುಗಳಲ್ಲಿ ಅವು ಎಂಜಿನ್ನಿನ ತಿರುಗುಬಲವನ್ನು ಎರಡೂವರೆ ಪಟ್ಟಿನ ಆಸುಪಾಸು ಹೆಚ್ಚಿಸುತ್ತವೆ. ಅಂದರೆ ಅದೇ ಏರಿಗೆ ಕ್ಲಚ್ ಹೊರಬೇಕಾದ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸೋತ ಕ್ಲಚ್ಚೂ ಅಲ್ಲಿ ಪಾಸಾಗುತ್ತದೆ. ಮೊದಲನೇ ಗೇರಿನಲ್ಲೂ ಹಾಗೆಯೇ. ಸ್ಲಿಪ್ ಮೊದಲು ಕಾಣುವುದು ಹೈ ರೇಂಜಿನಲ್ಲಿ, ಟಾಪ್ ಗೇರಿನಲ್ಲಿ, ಲೋಡ್ ಇದ್ದಾಗ.

ಹಾಗಾಗಿ ಟೂ ವೀಲ್, ಹೈ ರೇಂಜ್. ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಲೇಬೇಡಿ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ವೇಗದ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಎಲ್ಲಾ ಬಿಗಿದುಕೊಂಡು ಶಾಫ್ಟಿನ ಕೀಲಾದ ಕ್ರಾಸು, ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ವಾಹನ ಕಡಿಮೆ ಇರುವ, ಸಣ್ಣ ಏರಿರುವ ರಸ್ತೆ ಆರಿಸಿ. ಮೊದಲು ಸಮತಟ್ಟಿನಲ್ಲಿ ಟಾಪ್ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗಿ, ಎಂಜಿನ್ ಸದ್ದನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ಐದು ಗೇರಿನ ಗಾಡಿಯಾದರೆ ನಾಲ್ಕನೇ ಗೇರು ಸಾಕು. ಹಳೇ ಜೀಪುಗಳಲ್ಲಿ ಆರ್‌ಪಿಎಂ ಮೀಟರ್ ಇರುವುದು ಅಪರೂಪ, ಕಿವಿಯೇ ಮೀಟರ್. ಸ್ಪೀಡೋಮೀಟರ್ ಮುಳ್ಳು ಸತ್ತು ವರ್ಷಗಳೇ ಆಗಿದ್ದರೆ ಪಕ್ಕದಲ್ಲಿ ಕೂತವರು ಮೊಬೈಲಿನ ಜಿಪಿಎಸ್ ನೋಡಿ ವೇಗ ಕೂಗಲಿ. ಈಗ ಏರು ಶುರುವಾದೊಡನೆ ಆಕ್ಸಿಲರೇಟರನ್ನು ಪೂರ್ತಿ ಅದುಮಿ.

ಗೇರ್ ಹಾಕಿ ಕ್ಲಚ್ ಬಿಟ್ಟಮೇಲೆ ಎಂಜಿನ್ನೂ ಚಕ್ರವೂ ಜೋಡೆತ್ತಿನಂತೆ. ಒಂದು ಬಿಟ್ಟು ಒಂದು ಓಡುವಂತಿಲ್ಲ. ಸದ್ದು ಏರಿದರೆ ವೇಗವೂ ಏರಬೇಕು. ಸದ್ದು ‘ವೂಂ’ ಅಂತ ಮೇಲೆ ಹೋಗಿ ವೇಗ ಅಲ್ಲೇ ನಿಂತರೆ, ಇಲ್ಲವೇ ಇಳಿದರೆ, ಕ್ಲಚ್ ಸ್ಲಿಪ್ ಆಗುತ್ತಿದೆ. ಸದ್ದೂ ವೇಗವೂ ಜೊತೆಗೇ ಇಳಿದರೆ ಕ್ಲಚ್ಚಿನ ತಪ್ಪಲ್ಲ, ಎಂಜಿನ್ನಿಗೇ ಶಕ್ತಿ ಇಲ್ಲ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಲೈನಿನಲ್ಲಿ ಗಾಳಿ, ಬ್ರೇಕ್ ಹಿಡಿದುಕೊಂಡಿರುವುದು ಇವನ್ನು ನೋಡಿ. ‘ಪಿಕಪ್ ಇಲ್ಲ’ ಅಂತ ಬಂದ ಗಾಡಿಗೆ ಕ್ಲಚ್ ಪ್ಲೇಟ್ ಹಾಕಿ ಕಳಿಸುವುದು ಈ ಒಂದು ವ್ಯತ್ಯಾಸ ಗಮನಿಸದೆ.

ಸ್ಲಿಪ್ ಆದಾಗ ಸುಟ್ಟ ಬ್ರೇಕ್ ಲೈನರಿನಂಥ ವಾಸನೆಯೂ ಬರುತ್ತದೆ. ವಾಸನೆ ಬಂತು ಅಂದರೆ ಪರೀಕ್ಷೆ ಮುಗಿಯಿತು. ಕಾಲು ತೆಗೆಯಿರಿ.

ಪರೀಕ್ಷೆ ಬೆಳಗಿನ ತಂಪಿನಲ್ಲಿ ಪಾಸಾಗಿ ಮಧ್ಯಾಹ್ನ ಲೋಡಿನಲ್ಲಿ ಫೇಲ್ ಆಗುವುದೂ ಇದೆ. ಬಿಸಿಯಾದಾಗ ಹಿಡಿತ ಕಡಿಮೆಯಾಗುತ್ತದೆ. ಹಳ್ಳ ದಾಟಿದ ಮೇಲೆ ಸ್ವಲ್ಪ ಹೊತ್ತು ಸ್ಲಿಪ್ ಆಗಿ, ಆಮೇಲೆ ತಾನಾಗಿ ಸರಿಹೋದರೆ ನೀರು ಒಳಗೆ ಹೋಗಿತ್ತು ಅಂತ ತಿಳಿಯಿರಿ. ಒಂದೆರಡು ಸಲ ಆದರೆ ಚಿಂತೆ ಇಲ್ಲ. ಪದೇ ಪದೇ ಆದರೆ ನೀರಿನ ಜೊತೆ ಮರಳೂ ಒಳಗೆ ಸೇರಿ ಫೇಸಿಂಗನ್ನು ಉಜ್ಜಿಹಾಕುತ್ತದೆ.

ಹಂತ 5: ಕ್ಲಚ್ಚಿನಂತೆಯೇ ನಟಿಸುವ ಬೇರೆ ತೊಂದರೆಗಳು

ಎಂಜಿನ್ ರೇಸ್ ಆಗಿ ಗಾಡಿ ಹೋಗದಿರಲು ಫೋರ್ ವೀಲ್ ಗಾಡಿಯಲ್ಲಿ ಬೇರೆ ಕಾರಣಗಳೂ ಇವೆ. ಇಲ್ಲಿ ಸ್ಪೀಡೋಮೀಟರ್ ಒಳ್ಳೆಯ ಸಾಕ್ಷಿ. ಇಂಥ ಜೀಪುಗಳಲ್ಲಿ ಅದರ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಕ್ಲಚ್ಚಿನಿಂದ ಆಚೆ.

ಕೆಸರಿನಲ್ಲಿ ಒಂದು ಹಿಂದಿನ ಚಕ್ರ ಸುತ್ತುತ್ತಿದೆ ಅಂತಿಟ್ಟುಕೊಳ್ಳಿ. ಗಾಡಿ ನಿಂತಲ್ಲೇ ಇದ್ದರೂ ಮುಳ್ಳು ಮೇಲೇಳುತ್ತದೆ. ಕ್ಲಚ್ ಸ್ಲಿಪ್ ಆದರೆ ಮುಳ್ಳು ಏಳುವುದಿಲ್ಲ. ಹಿಂದಿನ ಆಕ್ಸಲ್ ಶಾಫ್ಟ್ ತುಂಡಾಗಿದ್ದರೂ ಮುಳ್ಳು ಏಳುತ್ತದೆ, ಯಾವ ಚಕ್ರವೂ ಗಾಡಿಯನ್ನು ತಳ್ಳುವುದಿಲ್ಲ. ಆಗ ಮಣ್ಣಿನ ಮೇಲೆ ಫೋರ್ ವೀಲ್ ಹಾಕಿ ನೋಡಿ. ಮುಂದಿನ ಚಕ್ರ ಎಳೆದು ಗಾಡಿ ಹೊರಟರೆ ತೊಂದರೆ ಹಿಂದಿನ ಆಕ್ಸಲ್ ಕಡೆ ಇದೆ. ಕ್ಲಚ್ ಹೋಗಿದ್ದರೆ ಫೋರ್ ವೀಲ್ ಹಾಕಿದರೂ ಪ್ರಯೋಜನವಿಲ್ಲ.

ಟ್ರಾನ್ಸ್‌ಫರ್ ಕೇಸಿನ ಲಿವರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುವುದು ಇನ್ನೊಂದು. ಎಂಜಿನ್ ಇದ್ದಕ್ಕಿದ್ದಂತೆ ಪೂರ್ತಿ ಹಗುರಾಗಿ ಕೂಗುತ್ತದೆ. ಕ್ಲಚ್ ಸ್ಲಿಪ್ ಹಾಗೆ ಒಂದೇ ಏಟಿಗೆ ಆಗುವುದು ಕಡಿಮೆ, ಜಾರುತ್ತಾ ಜಾರುತ್ತಾ ಹೋಗುತ್ತದೆ. ಲಿವರ್ ಎಲ್ಲಿದೆ ನೋಡಿ, ಕೈಯಲ್ಲಿ ಒತ್ತಿ ಹಿಡಿದು ಓಡಿಸಿ ನೋಡಿ. ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸಲು ಕೈಯಿಂದ ಲಾಕ್ ಮಾಡುವ ಹಬ್ ಇದ್ದರೆ ಅದು ಫ್ರೀಯಲ್ಲೇ ಉಳಿದಿದೆಯಾ ನೋಡಿ. ಫೋರ್ ವೀಲ್ ಹಾಕಿದ್ದೇನೆ ಅಂದುಕೊಂಡು ಬರೀ ಹಿಂದಿನ ಚಕ್ರದಲ್ಲಿ ಒದ್ದಾಡುವವರು ಕಡಿಮೆಯೇನಿಲ್ಲ.

ದೊಡ್ಡ ಟೈರ್ ಹಾಕಿಸಿದ್ದೀರಾ? ಅದೂ ಲೆಕ್ಕಕ್ಕೆ ಬರುತ್ತದೆ. ಚಕ್ರ ದೊಡ್ಡದಾದಷ್ಟೂ ಗಾಡಿ ಎಳೆಯಲು ಕ್ಲಚ್ ಮೇಲೆ ಬೀಳುವ ಭಾರ ಹೆಚ್ಚು. ಎಂಎಂ 540ರ 2112 ಸಿಸಿ ಪಿಜೋ ಎಂಜಿನ್ ತೆಗೆದು ಇನ್ನೂ ಬಲವಾದ ಎಂಜಿನ್ ಕೂರಿಸಿ, ಕ್ಲಚ್ ಮಾತ್ರ ಹಳೆಯದೇ ಬಿಟ್ಟ ಜೀಪುಗಳೂ ಇವೆ. ಅಂಥದ್ದಕ್ಕೆ ಅದೇ ಅಳತೆಯ ಹೊಸ ಪ್ಲೇಟ್ ಹಾಕಿದರೆ ಹೆಚ್ಚು ದಿನ ಬರುವುದಿಲ್ಲ.

ಹಂತ 6: ಗೇರ್‌ಬಾಕ್ಸ್ ಇಳಿಸಲೇಬೇಕಾದರೆ

ಪ್ಲೇ ಸರಿಮಾಡಿದ ಮೇಲೂ ಸ್ಲಿಪ್ ಇದೆ, ಅಥವಾ ತೂತಿನಿಂದ ಎಂಜಿನ್ ಆಯಿಲ್ಲೋ ಗೇರ್ ಆಯಿಲ್ಲೋ ಬರುತ್ತಿದೆ ಅಂದರೆ ಇಳಿಸದೆ ದಾರಿಯಿಲ್ಲ. ಮನೆಯಲ್ಲಿ ಬೆನ್ನಮೇಲೆ ಮಲಗಿ ಮಾಡುವ ಸಾಹಸ ಬೇಡ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡೂ ಒಂದಕ್ಕೊಂದು ಅಂಟಿಕೊಂಡು ಇಳಿಯುತ್ತವೆ. ಎದೆಯ ಮೇಲೆ ಬಿದ್ದರೆ ಪ್ರಾಣಕ್ಕೇ ಕುತ್ತು. ಗ್ಯಾರೇಜಿಗೆ ಕೊಡಿ, ಆದರೆ ಬಿಚ್ಚುವಾಗ ಅಲ್ಲೇ ಇರಿ.

ಬೆಲ್ ಹೌಸಿಂಗ್ ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ. ಹಳೇ ಫೇಸಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಪ್ಲೇಟ್ ಕೈಗೆ ತೆಗೆದುಕೊಂಡು ನೋಡಿ. ಫೇಸಿಂಗ್ ಮಟ್ಟದಿಂದ ರಿವೆಟ್ ತಲೆ ಎಷ್ಟು ಒಳಗಿದೆ? ಅರ್ಧ ಮಿ.ಮೀ.ಗಿಂತ ಕಡಿಮೆ ಇದ್ದರೆ ಅದರ ಆಯಸ್ಸು ಮುಗಿಯಿತು. ಫೇಸಿಂಗ್ ದಪ್ಪಗೇ ಇದ್ದು ಕಪ್ಪಗೆ, ಗಾಜಿನಂತೆ ಹೊಳೆಯುತ್ತಿದ್ದರೆ ಸುಟ್ಟಿದೆ ಇಲ್ಲವೇ ಆಯಿಲ್ ಕುಡಿದಿದೆ. ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುತ್ತೇನೆ ಅಂದರೆ ಒಪ್ಪಬೇಡಿ. ಒಳಗೆ ಇಳಿದ ಆಯಿಲ್ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಒಂದೇ ಬದಿ ಸವೆದಿದ್ದರೆ, ಪ್ಲೇಟ್ ಗೇರ್ ಶಾಫ್ಟಿನ ಮೇಲೆ ಹಿಂದೆ ಮುಂದೆ ಸಲೀಸಾಗಿ ಜಾರುತ್ತಿದೆಯಾ ಪರೀಕ್ಷಿಸಲು ಹೇಳಿ.

ಫ್ಲೈವೀಲಿನ ಮುಖ ನೋಡಿ. ಅಲ್ಲಲ್ಲಿ ನೀಲಿ ಮಚ್ಚೆ ಇದ್ದರೆ ವಿಪರೀತ ಬಿಸಿಯಾಗಿದೆ. ಕೂದಲೆಳೆಯಂಥ ಬಿರುಕು, ಉಗುರಿಗೆ ಸಿಗುವ ಗೆರೆ ಇದ್ದರೆ ಲೇತಿಗೆ ಕಳಿಸಬೇಕು. ಬಿರುಕು ಆಳವಾಗಿದ್ದರೆ ಫ್ಲೈವೀಲೇ ಬದಲಿಸಬೇಕು. ಪ್ರೆಷರ್ ಪ್ಲೇಟಿನ ಬೆರಳುಗಳು ಒಂದೇ ಎತ್ತರದಲ್ಲಿ ಇರಬೇಕು. ಸ್ಪ್ರಿಂಗ್ ಸೋತಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಪ್ಲೇಟಿನ ಜೊತೆ ಅದನ್ನೂ ಬದಲಿಸುವುದೇ ಸರಿ. ರಿಲೀಸ್ ಬೇರಿಂಗ್, ಫ್ಲೈವೀಲಿನ ಮಧ್ಯದಲ್ಲಿ ಕೂರುವ ಪೈಲಟ್ ಬೇರಿಂಗ್ ಅಥವಾ ಬುಷ್, ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್‌ಬಾಕ್ಸ್ ಮುಂದಿನ ಸೀಲ್ ಇಷ್ಟನ್ನೂ ಇದೇ ಸಲ ಮುಗಿಸಿ. ಸೀಲಿನ ಬೆಲೆ ಚಿಲ್ಲರೆ, ದುಡ್ಡು ಹೋಗುವುದು ಇಳಿಸಿ ಏರಿಸುವ ಮಜೂರಿಗೆ.

ಹಳೇ ಪ್ಲೇಟಿಗೇ ಹೊಸ ಫೇಸಿಂಗ್ ಹೊಡೆಸುವುದು ಈಗಲೂ ಕೆಲವು ಕಡೆ ಇದೆ. ಸಾಮಾನು ಸಿಗದ ಗಾಡಿಗೆ ಅದೊಂದು ದಾರಿಯೇ. ಆದರೆ ಪ್ಲೇಟಿನ ಮಧ್ಯದ ಸ್ಪ್ರಿಂಗುಗಳು ಸಡಿಲವಾಗಿ ಕಟಕಟ ಅನ್ನುತ್ತಿದ್ದರೆ ಆ ಪ್ಲೇಟಿಗೆ ದುಡ್ಡು ಹಾಕಬೇಡಿ.

ಹಂತ 7: ದಾರಿಯಲ್ಲೇ ಕೈಕೊಟ್ಟರೆ

ಮೊದಲು ಲೋಡ್ ಇಳಿಸಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಪ್ಲೇ ನೋಡಿ, ಇಲ್ಲದಿದ್ದರೆ ಅಲ್ಲೇ ಅಡ್ಜಸ್ಟ್ ಮಾಡಿ. ಎಷ್ಟೋ ಸಲ ಅಷ್ಟರಲ್ಲೇ ಮನೆ ಸೇರಬಹುದು.

ಆಮೇಲೆ ಲೋ ರೇಂಜ್ ನಿಮ್ಮ ಗೆಳೆಯ. ಪರೀಕ್ಷೆಯಲ್ಲಿ ಮೋಸ ಮಾಡುವ ಅದೇ ಗುಣ ಈಗ ಉಪಯೋಗಕ್ಕೆ ಬರುತ್ತದೆ. ಹಳೇ ಜೀಪುಗಳಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳುವುದಿಲ್ಲ. ಟಾರು ರಸ್ತೆಯಾದರೆ ಮುಂದಿನ ಹಬ್‌ಗಳನ್ನು ಫ್ರೀ ಮಾಡಿಟ್ಟು ಲೋ ಹಾಕಿ. ಆಗ ಲೋ ರೇಂಜಿನ ಬಲ ಸಿಗುತ್ತದೆ, ಎಳೆಯುವುದು ಮಾತ್ರ ಹಿಂದಿನ ಚಕ್ರ. ಶಕ್ತಿಯೆಲ್ಲ ಹಿಂದಿನ ಆಕ್ಸಲ್ ಮೇಲೇ ಬೀಳುವುದರಿಂದ ಆಕ್ಸಿಲರೇಟರ್ ಮೇಲೆ ಕಾಲು ಹಗುರಾಗಿರಲಿ. ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಬೇಡಿ, ನಿಲ್ಲಿಸಬೇಕಾದರೆ ಬ್ರೇಕ್ ಹಿಡಿಯಿರಿ.

ಇಳಿಜಾರಿನ ಬಗ್ಗೆ ಜಾಸ್ತಿ ಎಚ್ಚರ. ಚಾರ್ಮಾಡಿಯಂಥ ಘಾಟಿಯಲ್ಲಿ ನಾವು ಎಂಜಿನ್ನಿನ ಹಿಡಿತದಲ್ಲಿ ಇಳಿಯುತ್ತೇವೆ. ಕ್ಲಚ್ ಸ್ಲಿಪ್ ಆದರೆ ಆ ಹಿಡಿತವೂ ಸಡಿಲ. ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಜೋರಾಗಿ ಸ್ಲಿಪ್ ಆಗುತ್ತಿರುವ ಗಾಡಿಯನ್ನು ಘಾಟಿಗೆ ಇಳಿಸಬೇಡಿ, ಎಳೆಸಿಕೊಂಡು ಹೋಗಿ.

ಕೆಲಸ ಮುಗಿದ ಮೇಲೆ

ಹೊಸ ಪ್ಲೇಟ್ ಫ್ಲೈವೀಲಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲ 500 ಕಿ.ಮೀ. ಭಾರ ಹಾಕಬೇಡಿ, ಮರದ ದಿಮ್ಮಿ ಎಳೆಯಬೇಡಿ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹೊರಡಿಸಬೇಡಿ. 500 ಆದಮೇಲೆ ಸ್ಕೇಲ್ ತಂದು ಪೆಡಲಿನ ಪ್ಲೇಯನ್ನು ಮತ್ತೊಮ್ಮೆ ಅಳೆಯಿರಿ. ಪ್ಲೇಟ್ ಕೂತುಕೊಂಡಾಗ ಅದು ಸ್ವಲ್ಪ ಕಡಿಮೆಯಾಗಿರುತ್ತದೆ. ಅಳತೆಯನ್ನು ತಾರೀಕಿನ ಜೊತೆ ಎಲ್ಲಾದರೂ ಬರೆದಿಡಿ. ನಾನು ಗ್ಲೋವ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆಯುತ್ತೇನೆ. ಪ್ರತಿ ಆಯಿಲ್ ಚೇಂಜಿಗೆ ಒಂದು ಸಾಲು.